ಮಾನಹಾನಿ ಪರಿಹಾರದ ಡಿಕ್ರಿ ಮತ್ತು ಮೇಲ್ಮನವಿ: ವ್ಯಾಪಾರಸ್ಥರು ಅರಿತಿರಬೇಕಾದ ಸಂಗತಿಗಳು

ವ್ಯಾಪಾರಕ್ಕೆ ಬಂಡವಾಳ ಎಷ್ಟು ಮುಖ್ಯವೋ ಪೇಟೆಯಲ್ಲಿನ ಪತ್ತೂ ಅಷ್ಟೇ ಮುಖ್ಯ. ನಮ್ಮ ಭಾಗದ ವರ್ತಕರು ಇದನ್ನು ಬಹು ಹಿಂದಿನಿಂದಲೂ ಬಲ್ಲರು. ಮುಂಡರಗಿ ತಾಲೂಕಿನ ಡಂಬಳದಲ್ಲಿ ದೊರೆತ ಕ್ರಿ.ಶ. 1095ರ ಶಾಸನವು ಅಲ್ಲಿ ಹದಿನಾರು ಸೆಟ್ಟಿಗಳು ಬೌದ್ಧ ವಿಹಾರವನ್ನು ಕಟ್ಟಿಸಿದುದನ್ನೂ, ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ ವರ್ತಕ ಸಂಗವಯ್ಯನು ಆರ್ಯತಾರಾದೇವಿಯ ಆಲಯವನ್ನು ಕಟ್ಟಿಸಿದುದನ್ನೂ ದಾಖಲಿಸಿದೆ. ಒಂಬತ್ತು ಶತಮಾನಗಳಾದ ಮೇಲೂ ಆ ವರ್ತಕರ ಹೆಸರು ಕಲ್ಲಿನ ಮೇಲೆ ಉಳಿದಿದೆ. ಹೆಸರೇ ಆಸ್ತಿ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ನಮಗೆ ಬೇಕಿಲ್ಲ.

ಇಂದು ಆ ಆಸ್ತಿಗೆ ಧಕ್ಕೆ ತರಲು ಒಂದು ಕರಪತ್ರ, ವಾರಪತ್ರಿಕೆಯ ಒಂದು ಕಾಲಂ, ಅಥವಾ ವ್ಯಾಪಾರಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿದಾಡುವ ನಾಲ್ಕು ಸಾಲು ಸಾಕು. "ಇಂಥವರ ಬೀಜ ಕಳಪೆ", "ಇಂಥ ಅಡತಿ ಅಂಗಡಿಯವರು ತೂಕದಲ್ಲಿ ಮೋಸ ಮಾಡುತ್ತಾರೆ" ಎಂದು ಬರೆದವರೂ ವ್ಯಾಪಾರಸ್ಥರೇ, ನೊಂದವರೂ ವ್ಯಾಪಾರಸ್ಥರೇ ಆಗಿರುವುದುಂಟು. ಆದ್ದರಿಂದ ಈ ಲೇಖನವು ಇಬ್ಬರಿಗೂ ಸಂಬಂಧಿಸಿದೆ. ದಾವೆ ನಡೆದು ಪರಿಹಾರದ ಡಿಕ್ರಿ ಆದ ಮೇಲೆ ಮುಂದೇನು ಎಂಬುದಷ್ಟೇ ಇಲ್ಲಿಯ ವಿಷಯ. "ಮೇಲಿನ ಕೋರ್ಟಿಗೆ ಹೋದರಾಯಿತು, ಅಲ್ಲಿಯವರೆಗೆ ಹಣ ಕಟ್ಟುವುದು ಬೇಡ" ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಈ ನಂಬಿಕೆ ತಪ್ಪು ಮಾತ್ರವಲ್ಲ, ವ್ಯಾಪಾರಕ್ಕೆ ಅಪಾಯಕಾರಿಯೂ ಹೌದು.

ಎರಡು ಬಗೆಯ ಪ್ರಕರಣಗಳು

ಮಾನಹಾನಿಗೆ ಕ್ರಿಮಿನಲ್ ಮತ್ತು ಸಿವಿಲ್ ಎಂಬ ಎರಡು ದಾರಿಗಳಿವೆ. ಹಿಂದೆ ಭಾರತೀಯ ದಂಡ ಸಂಹಿತೆಯ 499 ಮತ್ತು 500ನೇ ಕಲಮುಗಳಲ್ಲಿದ್ದ ಅಪರಾಧವು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಸೇರಿದೆ. ನಷ್ಟಪರಿಹಾರವನ್ನು ಕೋರುವುದು ಸಿವಿಲ್ ದಾವೆಯಲ್ಲಿ. ಕಾಲಮಿತಿ ಅಧಿನಿಯಮ, 1963ರ ಪ್ರಕಾರ ಬರಹದ ಮೂಲಕ ಆದ ಮಾನಹಾನಿಗೆ ಪ್ರಕಟಣೆಯ ದಿನದಿಂದ ಒಂದೇ ವರ್ಷದೊಳಗೆ ದಾವೆ ಹೂಡಬೇಕು. ಸಾಲದ ವಸೂಲಿಗೆ ಮೂರು ವರ್ಷ ಅವಕಾಶವಿರುವುದನ್ನು ಬಲ್ಲ ನಮ್ಮ ವ್ಯಾಪಾರಸ್ಥರು ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು.

ಎಲ್ಲಿಗೆ, ಎಷ್ಟು ದಿನದೊಳಗೆ?

ಸಿವಿಲ್ ಪ್ರಕ್ರಿಯಾ ಸಂಹಿತೆಯ 96ನೇ ಕಲಮಿನಂತೆ ಸೋತವರಿಗೆ ಮೊದಲ ಮೇಲ್ಮನವಿಯು ಹಕ್ಕಾಗಿ ದೊರೆಯುತ್ತದೆ. ಡಿಕ್ರಿ ನೀಡಿದ ನ್ಯಾಯಾಲಯ ಯಾವುದು, ದಾವೆಯ ಮೌಲ್ಯವೆಷ್ಟು ಎಂಬುದರ ಮೇಲೆ ಅದು ಗದಗಿನ ಜಿಲ್ಲಾ ನ್ಯಾಯಾಲಯದ ವ್ಯಾಪ್ತಿಗೆ ಬರಬಹುದು ಇಲ್ಲವೇ ಉಚ್ಚ ನ್ಯಾಯಾಲಯದ ವ್ಯಾಪ್ತಿಗೆ ಬರಬಹುದು. 1956ಕ್ಕೆ ಮುಂಚೆ ಗದಗು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದಾಗ ಇಲ್ಲಿಯ ಹಿರಿಯರು ಮುಂಬಯಿ ಹೈಕೋರ್ಟಿಗೆ ಹೋಗಬೇಕಿತ್ತು. ರಾಜ್ಯಗಳ ಪುನರ್ವಿಂಗಡಣೆಯ ತರುವಾಯ ಬೆಂಗಳೂರಿಗೆ ಹೋಗಬೇಕಾಯಿತು. 2008ರ ಜುಲೈಯಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಆರಂಭವಾಗಿ, 2013ರ ಆಗಸ್ಟ್‌ನಲ್ಲಿ ಅದು ಕಾಯಂ ಪೀಠವಾದುದರಿಂದ ಈಗ ಉಚ್ಚ ನ್ಯಾಯಾಲಯವು ನಮ್ಮ ಸಮೀಪಕ್ಕೇ ಬಂದಂತಾಗಿದೆ.

ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಉಚ್ಚ ನ್ಯಾಯಾಲಯಕ್ಕೆ 90 ದಿನ: ಇದು ಮೇಲ್ಮನವಿಯ ಕಾಲಮಿತಿ. ತೀರ್ಪಿನ ದಿನ ಹಾಗೂ ಪ್ರಮಾಣೀಕೃತ ನಕಲಿಗೆ ಅರ್ಜಿ ಹಾಕಿ ಅದು ಸಿದ್ಧವಾಗುವವರೆಗಿನ ಅವಧಿಯನ್ನು ಈ ಲೆಕ್ಕದಿಂದ ಕಳೆಯಲಾಗುತ್ತದೆ. ಆದ್ದರಿಂದ ತೀರ್ಪಾದ ದಿನವೇ ನಕಲಿನ ಅರ್ಜಿ ಹಾಕುವುದು ಲೇಸು. ಸಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಆದರೆ ತಡವಾಗಿ ಬಂದ ಮೇಲ್ಮನವಿಯನ್ನು ವಿಚಾರಣೆಗೆ ಎತ್ತಿಕೊಳ್ಳಲು ನಿರ್ಧರಿಸುವವರೆಗೆ ಡಿಕ್ರಿಗೆ ತಡೆ ದೊರೆಯುವುದಿಲ್ಲ. ಮೇಲ್ಮನವಿಗೂ ನ್ಯಾಯಾಲಯ ಶುಲ್ಕವಿದೆ. ಯಾವ ಮೊತ್ತವನ್ನು ಪ್ರಶ್ನಿಸುತ್ತೇವೆಯೋ ಆ ಮೊತ್ತದ ಮೇಲೆ ಅದನ್ನು ಕಟ್ಟಬೇಕು.

ಮೇಲ್ಮನವಿ ಬೇರೆ, ತಡೆಯಾಜ್ಞೆ ಬೇರೆ

ಸಂಹಿತೆಯ 41ನೇ ಆದೇಶದ 5ನೇ ನಿಯಮವು ಸ್ಪಷ್ಟವಾಗಿದೆ: ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಡಿಕ್ರಿಯ ಜಾರಿ ನಿಲ್ಲುವುದಿಲ್ಲ. ಗೆದ್ದವರು ಜಾರಿ ಅರ್ಜಿ ಹಾಕಿ ಸೋತವರ ಬ್ಯಾಂಕ್ ಖಾತೆಯನ್ನು, ಗೋದಾಮಿನ ಸರಕನ್ನು, ಬರಬೇಕಾದ ಬಾಕಿಯನ್ನು ಜಪ್ತಿ ಮಾಡಿಸಬಹುದು. ಸುಗ್ಗಿಯ ದಿನಗಳಲ್ಲಿ ಒಂದು ಚಾಲ್ತಿ ಖಾತೆ ಹದಿನೈದು ದಿನ ಸ್ಥಗಿತಗೊಂಡರೆ ಅಡತಿ ಅಂಗಡಿಯ ಗತಿ ಏನಾದೀತೆಂಬುದನ್ನು ಓದುಗರಿಗೆ ವಿವರಿಸಬೇಕಿಲ್ಲ.

ತಡೆಯಾಜ್ಞೆ ಬೇಕಾದರೆ ಪ್ರತ್ಯೇಕ ಅರ್ಜಿ ಹಾಕಿ ಮೂರು ಸಂಗತಿಗಳನ್ನು ಮನಗಾಣಿಸಬೇಕು: ತಡೆ ಇಲ್ಲದಿದ್ದರೆ ಗಣನೀಯ ಹಾನಿಯಾಗುವುದು, ಅರ್ಜಿಯಲ್ಲಿ ವಿನಾಕಾರಣ ವಿಳಂಬ ಆಗಿಲ್ಲದಿರುವುದು, ಮತ್ತು ಡಿಕ್ರಿಯ ಪಾಲನೆಗೆ ತಕ್ಕ ಭದ್ರತೆ ನೀಡಿರುವುದು. ಹಣದ ಡಿಕ್ರಿಯಾದರೆ ವಿವಾದಿತ ಮೊತ್ತವನ್ನು ಠೇವಣಿ ಇಡಬೇಕೆಂದು ಇಲ್ಲವೇ ಅದಕ್ಕೆ ಭದ್ರತೆ ಒದಗಿಸಬೇಕೆಂದು 1ನೇ ನಿಯಮದ 3ನೇ ಉಪನಿಯಮ ಹೇಳುತ್ತದೆ. ಠೇವಣಿ ಇಡದ ಮಾತ್ರಕ್ಕೆ ಮೇಲ್ಮನವಿ ವಜಾ ಆಗದು. ತಡೆಯಾಜ್ಞೆ ಮಾತ್ರ ದೊರೆಯದು. ತೀರ್ಪು ಮೇಲ್ನೋಟಕ್ಕೇ ವಿಪರೀತವಾಗಿ ದೋಷಪೂರ್ಣವಾಗಿರುವಂಥ ಅಪರೂಪದ ಸಂದರ್ಭಗಳಲ್ಲಿ ಠೇವಣಿಯಿಲ್ಲದೆಯೂ ತಡೆ ನೀಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಒಂದು ಟ್ರೇಡ್‌ಮಾರ್ಕ್ ಪ್ರಕರಣದಲ್ಲಿ ಹೇಳಿದೆ. ಅದು ಅಪವಾದವೇ ಹೊರತು ಎಲ್ಲರೂ ನೆಚ್ಚಿಕೊಳ್ಳಬಹುದಾದ ದಾರಿಯಲ್ಲ. ಮೇಲ್ಮನವಿಯ ಅವಧಿ ಮುಗಿಯುವ ಮೊದಲು, ಡಿಕ್ರಿ ನೀಡಿದ ನ್ಯಾಯಾಲಯವೇ ಸಕಾರಣವಿದ್ದರೆ ಜಾರಿಯನ್ನು ತಾತ್ಕಾಲಿಕವಾಗಿ ತಡೆಹಿಡಿಯಬಲ್ಲುದು. ಈ ಸೌಲಭ್ಯವನ್ನು ಹಲವರು ಬಳಸಿಕೊಳ್ಳುವುದೇ ಇಲ್ಲ.

ಪುಣೆಯ ನೂರು ಕೋಟಿ

ಈ ನಿಯಮದ ಬಿಗಿಯನ್ನು ತಿಳಿಯಲು ನೆರೆಯ ಮಹಾರಾಷ್ಟ್ರದ ಪ್ರಕರಣವೊಂದನ್ನು ನೋಡಬಹುದು. 2008ರ ಸೆಪ್ಟೆಂಬರ್‌ನಲ್ಲಿ ಟೈಮ್ಸ್ ನೌ ವಾಹಿನಿಯು ಗಾಜಿಯಾಬಾದಿನ ಭವಿಷ್ಯನಿಧಿ ಹಗರಣದ ಸುದ್ದಿಯಲ್ಲಿ ನ್ಯಾಯಮೂರ್ತಿ ಸಾಮಂತ ಅವರ ಹೆಸರು ಹೇಳುವಾಗ, ಸರ್ವೋಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಪಿ.ಬಿ. ಸಾವಂತ ಅವರ ಭಾವಚಿತ್ರವನ್ನು ತಪ್ಪಾಗಿ ತೋರಿಸಿತು. ಚಿತ್ರ ತೆರೆಯ ಮೇಲಿದ್ದುದು ಸುಮಾರು 15 ಸೆಕೆಂಡು. ವಾಹಿನಿ ಬಳಿಕ ಕ್ಷಮಾಪಣೆಯನ್ನು ಪ್ರಸಾರ ಮಾಡಿತಾದರೂ ಸಾವಂತರು ದಾವೆ ಹೂಡಿದರು. 2011ರ ಏಪ್ರಿಲ್‌ನಲ್ಲಿ ಪುಣೆಯ ನ್ಯಾಯಾಲಯವು 100 ಕೋಟಿ ರೂಪಾಯಿ ಪರಿಹಾರದ ಡಿಕ್ರಿ ನೀಡಿತು.

ವಾಹಿನಿಯವರು ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿ ತಡೆ ಕೋರಿದಾಗ, 20 ಕೋಟಿ ರೂಪಾಯಿ ನಗದು ಠೇವಣಿ ಇಟ್ಟು ಉಳಿದ 80 ಕೋಟಿಗೆ ಬ್ಯಾಂಕ್ ಗ್ಯಾರಂಟಿ ಒದಗಿಸಬೇಕೆಂಬ ಷರತ್ತು ಬಂದಿತು. 2011ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಷರತ್ತಿನಲ್ಲಿ ಹಸ್ತಕ್ಷೇಪ ಮಾಡಲು ನಿರಾಕರಿಸಿತು. ಪರಿಹಾರದ ಮೊತ್ತ ಸರಿಯೋ ಅತಿಯೋ ಎಂಬ ಚರ್ಚೆ ದೇಶದಾದ್ಯಂತ ನಡೆಯಿತು. ಆದರೆ ಆ ಹಂತದಲ್ಲಿ ನ್ಯಾಯಾಲಯಗಳ ಮುಂದಿದ್ದುದು ಭದ್ರತೆಯ ಪ್ರಶ್ನೆ. ಮೊತ್ತದ ಸರಿತಪ್ಪು ಅಂತಿಮ ವಿಚಾರಣೆಗೆ ಬಿಟ್ಟದ್ದು. ಹಣ ಮಾತ್ರ ಮೊದಲೇ ಹೊಂದಿಸಬೇಕು.

ಇಂಗ್ಲೆಂಡಿನಲ್ಲೂ ಇಂಥದೇ ಅನುಭವವಿದೆ. ವಿಮಾ ಕ್ಲೇಮಿನ ವಿಚಾರದಲ್ಲಿ ಒಂದು ವಿಮಾ ಕಂಪನಿಯೊಡನೆ ಜಗಳವಿದ್ದ ವ್ಯಕ್ತಿಯೊಬ್ಬರು, ಆ ಕಂಪನಿಯ ಅಧ್ಯಕ್ಷರಾಗಿದ್ದ ಲಾರ್ಡ್ ಆಲ್ಡಿಂಗ್ಟನ್ ವಿರುದ್ಧ ಇತಿಹಾಸಕಾರ ನಿಕೊಲಾಯ್ ಟಾಲ್‌ಸ್ಟಾಯ್ ಅವರಿಂದ ಕರಪತ್ರ ಬರೆಯಿಸಿ ಹಂಚಿದರು. 1989ರಲ್ಲಿ ಜ್ಯೂರಿಯು 15 ಲಕ್ಷ ಪೌಂಡು ಪರಿಹಾರ ವಿಧಿಸಿತು. ಮೇಲ್ಮನವಿ ನಡೆಸಬೇಕಾದರೆ ಎದುರು ಪಕ್ಷದ ಖರ್ಚಿಗೆ ಭದ್ರತೆಯಾಗಿ 14 ದಿನಗಳಲ್ಲಿ 1,24,900 ಪೌಂಡು ಇಡಬೇಕೆಂದು ಟಾಲ್‌ಸ್ಟಾಯ್ ಅವರಿಗೆ ಆದೇಶವಾಯಿತು. ಅವರಿಂದಾಗಲಿಲ್ಲ, ಮೇಲ್ಮನವಿ ವಜಾ ಆಯಿತು. 1995ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ಪರಿಹಾರದ ಮೊತ್ತ ವಾಕ್ ಸ್ವಾತಂತ್ರ್ಯವನ್ನು ಉಲ್ಲಂಘಿಸುವಷ್ಟು ದೊಡ್ಡದೆಂದು ಒಪ್ಪಿತಾದರೂ, ಭದ್ರತೆಯ ಷರತ್ತನ್ನು ಅನ್ಯಾಯವೆನ್ನಲಿಲ್ಲ.

ಮೊತ್ತ ಇಳಿಯುವುದು ಯಾವಾಗ?

ಮೊದಲ ಮೇಲ್ಮನವಿಯಲ್ಲಿ ಸಾಕ್ಷ್ಯವನ್ನೂ ಕಾನೂನನ್ನೂ ಪೂರ್ಣವಾಗಿ ಮರುಪರಿಶೀಲಿಸಲಾಗುತ್ತದೆ. ಆದರೆ ಪರಿಹಾರದ ಮೊತ್ತದ ವಿಷಯದಲ್ಲಿ ಮೇಲಿನ ನ್ಯಾಯಾಲಯವು ಸಂಯಮ ವಹಿಸುತ್ತದೆ. "ನಾವಾಗಿದ್ದರೆ ಸ್ವಲ್ಪ ಕಡಿಮೆ ಕೊಡುತ್ತಿದ್ದೆವು" ಎಂಬ ಕಾರಣ ಸಾಲದು. ತಪ್ಪು ತತ್ತ್ವದ ಮೇಲೆ ಲೆಕ್ಕ ಹಾಕಿರಬೇಕು, ಇಲ್ಲವೇ ಮೊತ್ತವು ಸಂಪೂರ್ಣ ತಪ್ಪು ಅಂದಾಜೆನ್ನುವಷ್ಟು ಹೆಚ್ಚೋ ಕಡಿಮೆಯೋ ಇರಬೇಕು.

ಇದಕ್ಕೆ ಉದ್ದಿಮೆದಾರರೊಬ್ಬರ ಪ್ರಕರಣವೇ ಪ್ರಸಿದ್ಧ ನಿದರ್ಶನ. 1960ರಲ್ಲಿ ಮುಂಬಯಿಯ 'ಬ್ಲಿಟ್ಜ್' ವಾರಪತ್ರಿಕೆಯು ಗಿರಣಿ ಉದ್ಯಮಿ ಕೃಷ್ಣರಾಜ ಠಾಕರ್ಸಿ ಅವರ ವ್ಯವಹಾರಗಳ ಕುರಿತು ಲೇಖನ ಪ್ರಕಟಿಸಿತು. ಅವರು ಸಂಪಾದಕ ಆರ್.ಕೆ. ಕರಂಜಿಯಾ ಮೊದಲಾದವರ ಮೇಲೆ ದಾವೆ ಹೂಡಿ 3 ಲಕ್ಷ ರೂಪಾಯಿಗಳ ಡಿಕ್ರಿ ಪಡೆದರು. ಮೇಲ್ಮನವಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು 1969ರಲ್ಲಿ ಹೊಣೆಗಾರಿಕೆಯನ್ನು ಎತ್ತಿಹಿಡಿದು ಮೊತ್ತವನ್ನು ಒಂದೂವರೆ ಲಕ್ಷಕ್ಕೆ ಇಳಿಸಿತು. ಸೋತವರಿಗೆ ಅರ್ಧ ಹಣ ಉಳಿಯಿತು, ಆದರೆ ಬರೆದದ್ದು ಮಾನಹಾನಿ ಎಂಬ ನಿರ್ಣಯ ಹಾಗೆಯೇ ಉಳಿಯಿತು.

ಇನ್ನೊಂದು ಎಚ್ಚರಿಕೆ ಅಗತ್ಯ. ಸೋತವರು ಮೇಲ್ಮನವಿ ಹಾಕಿದರೆ, ಗೆದ್ದವರು ನೋಟೀಸು ಮುಟ್ಟಿದ ಒಂದು ತಿಂಗಳೊಳಗೆ ತಮ್ಮ ಪ್ರತ್ಯಾಕ್ಷೇಪವನ್ನು ಸಲ್ಲಿಸಿ ಹೆಚ್ಚಿನ ಪರಿಹಾರ ಕೇಳಬಹುದು. ಮೊತ್ತ ಇಳಿಸಲು ಹೋದವರು ಏರಿಸಿಕೊಂಡು ಬರುವ ಸಾಧ್ಯತೆಯೂ ಇದೆ. ಮೊದಲ ಮೇಲ್ಮನವಿಯು ಜಿಲ್ಲಾ ನ್ಯಾಯಾಲಯದಲ್ಲಿ ತೀರ್ಮಾನವಾದರೆ, ಎರಡನೆಯದು ಉಚ್ಚ ನ್ಯಾಯಾಲಯದಲ್ಲಿ ಮಹತ್ವದ ಕಾನೂನು ಪ್ರಶ್ನೆ ಇದ್ದಾಗ ಮಾತ್ರ. ಮೊದಲನೆಯದೇ ಉಚ್ಚ ನ್ಯಾಯಾಲಯದಲ್ಲಿ ಮುಗಿದರೆ ಉಳಿಯುವುದು ಸರ್ವೋಚ್ಚ ನ್ಯಾಯಾಲಯ. ಅಲ್ಲಿ ವಿಶೇಷ ಅನುಮತಿ ದೊರೆಯುವುದು ಅಪರೂಪ. ಆದುದರಿಂದ ಮೊದಲ ಮೇಲ್ಮನವಿಯನ್ನೇ ಕೊನೆಯದೆಂದು ಭಾವಿಸಿ ಸಿದ್ಧಪಡಿಸುವುದು ಕ್ಷೇಮ.

ಲೆಕ್ಕ ಹಾಕಿ ನೋಡಿದಾಗ

ಉದಾಹರಣೆಗಾಗಿ ಡಂಬಳದ ಒಬ್ಬ ವರ್ತಕನ ಮೇಲೆ 6 ಲಕ್ಷ ರೂಪಾಯಿ ಡಿಕ್ರಿ ಆಗಿದೆ, ವಾರ್ಷಿಕ ಶೇ. 6ರ ಬಡ್ಡಿ ಇದೆ ಎಂದು ಭಾವಿಸೋಣ. ವರ್ಷಕ್ಕೆ 36,000 ರೂಪಾಯಿಯಂತೆ ಮೇಲ್ಮನವಿ ನಾಲ್ಕು ವರ್ಷ ನಡೆದರೆ ಬಡ್ಡಿಯೇ 1,44,000 ರೂಪಾಯಿ. ತಡೆಗಾಗಿ 3 ಲಕ್ಷ ಠೇವಣಿ ಇಡಲು ಬ್ಯಾಂಕಿನಿಂದ ಶೇ. 12ರಂತೆ ಸಾಲ ತಂದರೆ ಅದರ ಬಡ್ಡಿಯೂ ವರ್ಷಕ್ಕೆ 36,000. ಉಳಿದ 3 ಲಕ್ಷಕ್ಕೆ ಬ್ಯಾಂಕ್ ಗ್ಯಾರಂಟಿ ಕೊಟ್ಟರೆ ಮಾರ್ಜಿನ್ ಹಣ ಸಿಕ್ಕಿಬೀಳುತ್ತದೆ, ಪ್ರತಿ ವರ್ಷ ಕಮಿಷನ್ ಕಟ್ಟಬೇಕು, ದುಡಿಯುವ ಬಂಡವಾಳದ ಮಿತಿಯೂ ಕುಗ್ಗಬಹುದು. ಗ್ಯಾರಂಟಿ ಕೊಟ್ಟ ಮಾತ್ರಕ್ಕೆ ಡಿಕ್ರಿಯ ಬಡ್ಡಿ ನಿಲ್ಲುವುದಿಲ್ಲ. ಇದಕ್ಕೆ ನ್ಯಾಯಾಲಯ ಶುಲ್ಕ, ವಕೀಲರ ಶುಲ್ಕ ಸೇರಿಸಿದ ಮೇಲೆ, ಮೇಲ್ಮನವಿಯಿಂದ ಇಳಿಯಬಹುದಾದ ಮೊತ್ತ ಎಷ್ಟೆಂದು ವಕೀಲರನ್ನು ಕೇಳಿ ಹೋಲಿಸಬೇಕು.

ಲೆಕ್ಕಪತ್ರಗಳಲ್ಲೂ ಇದನ್ನು ಮರೆಮಾಚುವಂತಿಲ್ಲ. ಲೆಕ್ಕಪತ್ರ ಮಾನದಂಡ 29ರ ಪ್ರಕಾರ ಹಣ ಕಟ್ಟಬೇಕಾಗುವ ಸಂಭವವೇ ಹೆಚ್ಚಾಗಿದ್ದು ಮೊತ್ತವನ್ನು ಅಂದಾಜಿಸಬಹುದಾದರೆ ಲಾಭ-ನಷ್ಟ ಖಾತೆಯಲ್ಲಿ ಅವಕಾಶ ಕಲ್ಪಿಸಬೇಕು. ಸಂಭವ ಅಷ್ಟಿಲ್ಲದಿದ್ದರೆ ಸಂಭಾವ್ಯ ಹೊಣೆಯೆಂದು ಟಿಪ್ಪಣಿಯಲ್ಲಿ ತಿಳಿಸಬೇಕು. ಮೇಲ್ಮನವಿ ಬಾಕಿ ಇದೆ ಎಂಬ ಒಂದೇ ಕಾರಣಕ್ಕೆ ಡಿಕ್ರಿಯನ್ನು ಪುಸ್ತಕದಿಂದ ಹೊರಗಿಡಲಾಗದು. ನ್ಯಾಯಾಲಯದಲ್ಲಿಟ್ಟ ಠೇವಣಿಯನ್ನು ಖರ್ಚೆಂದು ಬರೆಯದೆ ಆಸ್ತಿಯ ಕಡೆ ತೋರಿಸಿ, ಹೊಣೆಯನ್ನು ಬೇರೆಯಾಗಿ ತೋರಿಸುವುದು ಸರಿಯಾದ ಕ್ರಮ.

ಗೆದ್ದವರಿಗೂ ಒಂದು ಮಾತು. ಮೇಲ್ಮನವಿ ಬಾಕಿ ಇರುವಾಗ ಕೈಗೆ ಬಂದ ಹಣ ಪೂರ್ಣವಾಗಿ ನಮ್ಮದಲ್ಲ. ಡಿಕ್ರಿ ರದ್ದಾದರೆ ಸಂಹಿತೆಯ 144ನೇ ಕಲಮಿನಂತೆ ಅದನ್ನು ಹಿಂದಿರುಗಿಸಬೇಕಾಗುತ್ತದೆ. ಆ ಹಣದಿಂದ ಹೊಸ ಗೋದಾಮು ಕಟ್ಟುವ ಮೊದಲು ಯೋಚಿಸುವುದು ಒಳಿತು.

ಮೇಲ್ಮನವಿಯ ಹಂತದಲ್ಲೂ ರಾಜಿಗೆ ಅವಕಾಶವಿದೆ. ಸ್ಪಷ್ಟ ಕ್ಷಮಾಪಣೆಯೊಂದು ಪ್ರಕಟವಾದರೆ ಹಣದ ಬಹುಭಾಗವನ್ನು ಬಿಟ್ಟುಕೊಡಲು ನೊಂದವರು ಒಪ್ಪಬಹುದು, ಏಕೆಂದರೆ ಅವರು ಕಳೆದುಕೊಂಡದ್ದು ಹೆಸರು. ಲೋಕ ಅದಾಲತ್‌ನಲ್ಲಿ ಪ್ರಕರಣ ಮುಗಿದರೆ ನ್ಯಾಯಾಲಯ ಶುಲ್ಕ ಹಿಂದಿರುಗುತ್ತದೆ, ಆ ನಿರ್ಣಯದ ಮೇಲೆ ಮತ್ತೆ ಮೇಲ್ಮನವಿಯೂ ಇಲ್ಲ. ಡಿಕ್ರಿಯ ನಕಲು ಕೈಗೆ ಬಂದ ವಾರದಲ್ಲೇ ವಕೀಲರನ್ನೂ ಲೆಕ್ಕಪರಿಶೋಧಕರನ್ನೂ ಒಟ್ಟಿಗೆ ಕೂರಿಸಿಕೊಂಡು, ಕಟ್ಟುವುದೋ, ಹೋರಾಡುವುದೋ, ರಾಜಿಯಾಗುವುದೋ ಎಂಬ ಮೂರೂ ದಾರಿಗಳ ವೆಚ್ಚವನ್ನು ಒಂದೇ ಹಾಳೆಯ ಮೇಲೆ ಬರೆದು ನೋಡಿ ನಿರ್ಧರಿಸುವುದು ವ್ಯಾಪಾರಸ್ಥರಿಗೆ ಶ್ರೇಯಸ್ಕರ.