ಕ್ಷಯರೋಗಿಯ ಮನೆಯವರು ತಿಳಿದಿರಬೇಕಾದುದು

ಮೈಸೂರು ರಾಜಮನೆತನದ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಕ್ಷಯರೋಗಕ್ಕೆ ತುತ್ತಾದರು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿಯಾದ ಆ ತಾಯಿಯ ಹೆಸರಿನಲ್ಲಿಯೇ ಮೈಸೂರಿನ ಪಿ.ಕೆ.ಟಿ.ಬಿ. ಆಸ್ಪತ್ರೆ ಸ್ಥಾಪಿತವಾಯಿತು. ಅಂದು ಈ ರೋಗಕ್ಕೆ ಔಷಧಿಯಿರಲಿಲ್ಲ. ಇಂದು ಔಷಧಿಯಿದೆ. ಆದರೂ ಒಂದೇ ಸೂರಿನಡಿ ಒಬ್ಬರಿಂದ ಮತ್ತೊಬ್ಬರಿಗೆ ಇದು ಹರಡುತ್ತಿರುವುದಕ್ಕೆ ನಮ್ಮ ಅರಿವಿನ ಕೊರತೆ, ಸಂಕೋಚಗಳೂ ಕಾರಣವಾಗಿವೆ.

ನಂಜನಗೂಡು, ತಿ. ನರಸೀಪುರ ಸೀಮೆಯ ನಮ್ಮ ಹಳ್ಳಿಗಳಲ್ಲಿ ಮನೆಯೊಬ್ಬರಿಗೆ ಕ್ಷಯವೆಂದು ತಿಳಿದೊಡನೆ ಅವರ ತಟ್ಟೆ, ಲೋಟಗಳನ್ನು ಬೇರೆಯಿಡುವುದುಂಟು. ಈ ರೋಗಾಣು ಹರಡುವುದು ತಟ್ಟೆಯಿಂದಲ್ಲ, ಬಟ್ಟೆಯಿಂದಲ್ಲ. ಶ್ವಾಸಕೋಶದ ಕ್ಷಯವಿರುವವರು ಕೆಮ್ಮಿದಾಗ, ಸೀನಿದಾಗ ಗಾಳಿಯ ಮೂಲಕ. ನಾವಾದರೋ ತಟ್ಟೆಯನ್ನು ಬೇರೆ ಮಾಡಿ, ಚಳಿಯ ನೆಪದಲ್ಲಿ ಕಿಟಕಿಯನ್ನು ಮುಚ್ಚಿಬಿಡುತ್ತೇವೆ!

1950ರ ದಶಕದ ಕೊನೆಯಲ್ಲಿ ಮದರಾಸಿನಲ್ಲಿ ನಡೆದ ಪ್ರಸಿದ್ಧ ಅಧ್ಯಯನವೊಂದು, ಮನೆಯಲ್ಲಿಯೇ ಚಿಕಿತ್ಸೆ ಪಡೆದವರ ಕುಟುಂಬಕ್ಕೆ ಆಸ್ಪತ್ರೆಯಲ್ಲಿದ್ದವರ ಕುಟುಂಬಕ್ಕಿಂತ ಹೆಚ್ಚಿನ ಅಪಾಯವಿಲ್ಲವೆಂದು ತೋರಿಸಿತು. ಹೆಚ್ಚಿನ ಸೋಂಕು ತಗಲುವುದು ರೋಗ ಪತ್ತೆಯಾಗುವುದಕ್ಕೆ ಮೊದಲೇ. ಸರಿಯಾದ ಔಷಧಿ ಆರಂಭವಾದ ಕೆಲವು ವಾರಗಳಲ್ಲಿ ಹರಡುವ ಸಾಧ್ಯತೆ ಬಹಳ ಕುಗ್ಗುತ್ತದೆ. ಆದುದರಿಂದ ರೋಗಿಯನ್ನು ದೂರವಿಡುವುದರಿಂದ ಪ್ರಯೋಜನವಿಲ್ಲ. ಸೊಸೆಯನ್ನು ತವರಿಗೆ ಕಳುಹಿಸುವುದು ಅನ್ಯಾಯವೇ ಸರಿ.

ಮಾಡಬೇಕಾದುದು, ಮನೆಮಂದಿಯೆಲ್ಲರ ತಪಾಸಣೆ. ಸೋಂಕು ತಗಲಿದವರೆಲ್ಲ ರೋಗಿಗಳಾಗುವುದಿಲ್ಲ. ನೂರರಲ್ಲಿ 5ರಿಂದ 10 ಮಂದಿಗೆ ಜೀವಿತಾವಧಿಯಲ್ಲಿ ರೋಗ ಬರಬಹುದು. ಅದು ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿ. 5 ವರ್ಷದೊಳಗಿನ ಮಕ್ಕಳು, ಸಕ್ಕರೆ ಕಾಯಿಲೆಯವರು, ಎಚ್.ಐ.ವಿ. ಸೋಂಕಿತರಿಗೆ ಅಪಾಯ ಹೆಚ್ಚು. ರೋಗವಿಲ್ಲವೆಂದು ಖಚಿತವಾದ ಬಳಿಕ ವೈದ್ಯರು ತಡೆಗಟ್ಟುವ ಮಾತ್ರೆಗಳನ್ನು ನೀಡುತ್ತಾರೆ. ಪ್ರತಿದಿನ ಆರು ತಿಂಗಳು ಅಥವಾ ವಾರಕ್ಕೊಮ್ಮೆ ಮೂರು ತಿಂಗಳು. "ಚೆನ್ನಾಗಿರುವ ನಮಗೇಕೆ ಮಾತ್ರೆ?" ಎಂದು ಹಲವರು ಕೇಳುತ್ತಾರೆ. ಒಳಗಿರುವುದು ಬೂದಿ ಮುಚ್ಚಿದ ಕೆಂಡ. ಅದು ಹೊತ್ತಿಕೊಳ್ಳುವ ಮೊದಲೇ ನಂದಿಸುವುದು ಜಾಣತನ.

ದಿನನಿತ್ಯ ರೂಢಿಸಿಕೊಳ್ಳಬೇಕಾದ ಅಭ್ಯಾಸಗಳಿವು:

• ಕಿಟಕಿ, ಬಾಗಿಲು ತೆರೆದಿಟ್ಟು ಗಾಳಿ, ಬಿಸಿಲು ಬರಗೊಡುವುದು.
• ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯುವುದು. ಆರಂಭದ ವಾರಗಳಲ್ಲಿ ರೋಗಿ ಮಾಸ್ಕ್ ಧರಿಸುವುದು.
• ಕಂಡಕಂಡಲ್ಲಿ ಉಗುಳದೆ, ಕಫವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಸಂಗ್ರಹಿಸಿ ವಿಲೇವಾರಿ ಮಾಡುವುದು.
• ಕಾಳು, ಸೊಪ್ಪು, ಹಾಲು, ಕಡಲೆಕಾಯಿಗಳನ್ನು ಮನೆಯವರೆಲ್ಲರೂ ಸೇವಿಸುವುದು. ಬೀಡಿ, ಮದ್ಯಗಳನ್ನು ತ್ಯಜಿಸುವುದು.
• ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಕಂಡರೆ ಕೂಡಲೇ ಕಫ ಪರೀಕ್ಷೆ ಮಾಡಿಸುವುದು.

ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧಿಗಳೆರಡೂ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಡಿ ಪೌಷ್ಟಿಕ ಆಹಾರಕ್ಕಾಗಿ ರೋಗಿಯ ಬ್ಯಾಂಕ್ ಖಾತೆಗೆ ತಿಂಗಳಿಗೆ 1000 ರೂಪಾಯಿ ದೊರೆಯುತ್ತದೆ. ಮಾಹಿತಿಗೆ 1800-11-6666 ಸಹಾಯವಾಣಿಯಿದೆ. ಊರಿನ ಆಶಾ ಕಾರ್ಯಕರ್ತೆಯರನ್ನೂ ವಿಚಾರಿಸಬಹುದು.

ಸದ್ಭಕ್ತರೇ, ನೆರೆಮನೆಯಲ್ಲಿ ಕೆಮ್ಮು ಕೇಳಿಸಿದರೆ ಪಿಸುಮಾತಾಡುವುದನ್ನು ಬಿಟ್ಟು, ಅವರನ್ನು ಜೊತೆಗೂಡಿ ಆಸ್ಪತ್ರೆಗೆ ಕರೆದೊಯ್ಯೋಣ. ಗುಣವಾಗುವ ಕಾಯಿಲೆಗೆ ಯಾರೂ ನಾಚಿ ಕೂರುವಂತಾಗದಿರಲಿ.