ಟೋನಿ ಪ್ರಶಸ್ತಿ: ಸಿಯಾಟಲ್‌ನಿಂದ ಒಂದು ಲೆಕ್ಕಾಚಾರ

ಬರುವ ಭಾನುವಾರ, 2017ರ ಜೂನ್ 11ರ ರಾತ್ರಿ, ನ್ಯೂಯಾರ್ಕ್‌ನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ಟೋನಿ ಪ್ರಶಸ್ತಿ ಪ್ರದಾನ. ಸಿನಿಮಾಕ್ಕೆ ಆಸ್ಕರ್ ಹೇಗೋ ಅಮೆರಿಕದ ರಂಗಭೂಮಿಗೆ ಟೋನಿ ಹಾಗೆ. ನಟಿ, ನಿರ್ದೇಶಕಿ ಆಂಟೊನೆಟ್ ಪೆರಿ ಹೆಸರಿನಲ್ಲಿ 1947ರಿಂದ ಕೊಡುತ್ತಿರುವ ಇದು ಮುಖ್ಯವಾಗಿ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಮಂದಿರಗಳ ನಾಟಕಗಳಿಗೆ ಸಲ್ಲುವ ಪ್ರಶಸ್ತಿ. ದೇಶದ ಇನ್ನೊಂದು ತುದಿಯಲ್ಲಿರುವ ಸಿಯಾಟಲ್‌ನವರಿಗೆ ಇದರಲ್ಲೇನು ಕೆಲಸ ಎಂದು ಊರಿನಲ್ಲಿರುವವರು ಕೇಳಬಹುದು. ಕೆಲಸ ಇದೆ.

ಬ್ರಾಡ್‌ವೇಯಲ್ಲಿ ಒಂದು ಸಂಗೀತ ನಾಟಕ ಕಟ್ಟಲು ಕೋಟ್ಯಂತರ ಡಾಲರ್ ಬೇಕು. ಅಷ್ಟು ಹಣ ಸುರಿಯುವ ಮುಂಚೆ ನಿರ್ಮಾಪಕರು ಬೇರೆ ಊರಿನಲ್ಲಿ ಆಡಿಸಿ ನೋಡುತ್ತಾರೆ. ಜನ ಎಲ್ಲಿ ನಕ್ಕರು, ಎಲ್ಲಿ ಆಕಳಿಸಿದರು ಎಂದು ಗಮನಿಸಿ ತಿದ್ದುತ್ತಾರೆ. ಹೀಗೆ ಆಡಿ ನೋಡುವ ಊರುಗಳಲ್ಲಿ ಸಿಯಾಟಲ್ ಕೂಡ ಒಂದು. ಇಲ್ಲಿನ ಫಿಫ್ತ್ ಅವೆನ್ಯೂ ಥಿಯೇಟರ್‌ನಲ್ಲಿ 2002ರಲ್ಲಿ ಮೊದಲು ಆಡಿದ ‘ಹೇರ್‌ಸ್ಪ್ರೇ’ ಮರುವರ್ಷ ಅತ್ಯುತ್ತಮ ಸಂಗೀತ ನಾಟಕ ಸೇರಿ ಎಂಟು ಟೋನಿ ಗೆದ್ದಿತು. 2009ರಲ್ಲಿ ಇಲ್ಲಿ ಆಡಿ ಹೋದ ‘ಮೆಂಫಿಸ್’ಗೂ 2010ರಲ್ಲಿ ಅದೇ ಗೌರವ ಸಿಕ್ಕಿತು.

ಈ ಸಲ ನಮ್ಮ ಊರಿನ ನೆನಪು ಹೊತ್ತು ಕಣದಲ್ಲಿರುವ ನಾಟಕ ‘ಕಮ್ ಫ್ರಮ್ ಅವೇ’. ಕೆನಡಾದ ದಂಪತಿ ಐರೀನ್ ಸ್ಯಾಂಕಾಫ್ ಮತ್ತು ಡೇವಿಡ್ ಹೈನ್ ಬರೆದದ್ದು. 2015ರ ಕೊನೆಯಲ್ಲಿ ಇದು ಸಿಯಾಟಲ್ ರೆಪರ್ಟರಿ ಥಿಯೇಟರ್‌ನಲ್ಲಿ ಆಡಿದಾಗಲೇ ನಮ್ಮಂಥ ರಂಗಪ್ರಿಯರು ಬೆರಗಾಗಿದ್ದೆವು. ಈಗ ಏಳು ವಿಭಾಗಗಳಲ್ಲಿ ನಾಮನಿರ್ದೇಶನ ಪಡೆದಿದೆ.

ಕಥೆ ನಡೆದ ಘಟನೆಯದು. 2001ರ ಸೆಪ್ಟೆಂಬರ್ 11ರಂದು ಅಮೆರಿಕದ ಆಕಾಶಮಾರ್ಗ ಮುಚ್ಚಿದಾಗ 38 ವಿಮಾನಗಳು ಕೆನಡಾದ ಗ್ಯಾಂಡರ್ ಎಂಬ ಚಿಕ್ಕ ಊರಿನಲ್ಲಿ ಇಳಿದವು. ಸುಮಾರು ಹತ್ತು ಸಾವಿರ ಜನರ ಊರಿಗೆ ಏಳು ಸಾವಿರದಷ್ಟು ನೆಂಟರು ಹೇಳದೆ ಕೇಳದೆ ಬಂದಂತಾಯಿತು! ಊರಿನವರು ಶಾಲೆ, ಸಭಾಂಗಣ, ಮನೆಗಳ ಬಾಗಿಲು ತೆರೆದರು. ಮುಷ್ಕರದಲ್ಲಿದ್ದ ಬಸ್ ಚಾಲಕರು ಮುಷ್ಕರ ಬಿಟ್ಟು ಬಂದರು. ಹನ್ನೆರಡೇ ಕಲಾವಿದರು ಊರಿನವರೂ ಆಗುತ್ತಾರೆ, ಪ್ರಯಾಣಿಕರೂ ಆಗುತ್ತಾರೆ. ಕೆಲವು ಕುರ್ಚಿ, ಮೇಜುಗಳೇ ವಿಮಾನ, ಬಸ್ಸು, ಹೋಟೆಲು. ಹೆಗ್ಗೋಡಿನ ನೀನಾಸಂ ತಿರುಗಾಟದ ನಾಟಕ ನೋಡಿದವರಿಗೆ ಈ ಮಿತವ್ಯಯದ ರುಚಿ ಗೊತ್ತು.

ಈ ವರ್ಷ ಈ ಕಥೆ ನಮಗೆ ಇನ್ನಷ್ಟು ಹತ್ತಿರವಾಗಲು ಕಾರಣವಿದೆ. ಫೆಬ್ರವರಿಯಲ್ಲಿ ಕಾನ್ಸಸ್ ರಾಜ್ಯದಲ್ಲಿ ಭಾರತೀಯ ಎಂಜಿನಿಯರ್ ಒಬ್ಬರನ್ನು ಗುಂಡಿಕ್ಕಿ ಕೊಂದರು. ಮಾರ್ಚ್‌ನಲ್ಲಿ ಸಿಯಾಟಲ್‌ಗೆ ಹತ್ತಿರದ ಕೆಂಟ್‌ನಲ್ಲಿ ಸಿಖ್ ವ್ಯಕ್ತಿಯೊಬ್ಬರ ಮನೆಯ ಮುಂದೆಯೇ, ‘ನಿನ್ನ ದೇಶಕ್ಕೆ ಹೋಗು’ ಎಂದು ಹೇಳಿ ಗುಂಡು ಹಾರಿಸಿದರು; ಅವರು ಬದುಕಿ ಉಳಿದರು. ಆ ದಿನಗಳಲ್ಲಿ ಊರಿನಿಂದ ಫೋನ್ ಬಂದರೆ ಮೊದಲ ಪ್ರಶ್ನೆ ಊಟದ್ದಲ್ಲ, ‘ಹೊರಗೆ ಓಡಾಡ್ತಿದ್ದೀರಾ? ಹುಷಾರು’ ಎನ್ನುವುದು. ಪರದೇಶದಲ್ಲಿ ಅಪರಿಚಿತರನ್ನು ಹೇಗೆ ನೋಡಿಕೊಳ್ಳುತ್ತಾರೆ ಎನ್ನುವುದು ನಮ್ಮ ಮನೆಗಳಲ್ಲಿ ಬರೀ ನಾಟಕದ ವಸ್ತುವಲ್ಲ.

ಹಾಗೆಂದು ಇದು ಎಲ್ಲರೂ ಒಳ್ಳೆಯವರೇ ಎನ್ನುವ ಸಕ್ಕರೆ ಪಾಕವಲ್ಲ. ಪ್ರಯಾಣಿಕರಲ್ಲಿ ಅಲಿ ಎಂಬ ಮುಸ್ಲಿಮನಿದ್ದಾನೆ. ಉಳಿದವರು ಅವನನ್ನು ಅನುಮಾನದಿಂದ ನೋಡುತ್ತಾರೆ. ವಿಮಾನ ಹತ್ತುವ ಮುನ್ನ ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡುತ್ತಾರೆ. ಆತಿಥ್ಯದ ನಡುವೆಯೇ ಅವಮಾನವೂ ಇತ್ತು ಎಂಬುದನ್ನು ನಾಟಕ ಮುಚ್ಚಿಡುವುದಿಲ್ಲ. ಅದಕ್ಕೇ ನನಗೆ ಅದರ ಮೇಲೆ ನಂಬಿಕೆ.

ಇನ್ನು ಭವಿಷ್ಯವಾಣಿ. ಅತ್ಯುತ್ತಮ ಸಂಗೀತ ನಾಟಕಕ್ಕೆ ನಾಲ್ಕು ಸ್ಪರ್ಧಿಗಳು. ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯ ಒಂದು ಭಾಗವನ್ನು ಆಧರಿಸಿದ ‘ಗ್ರೇಟ್ ಕಾಮೆಟ್’ಗೆ ಎಲ್ಲಕ್ಕಿಂತ ಹೆಚ್ಚು, ಅಂದರೆ 12 ನಾಮನಿರ್ದೇಶನ. ‘ಗ್ರೌಂಡ್‌ಹಾಗ್ ಡೇ’ಗೆ ಏಳು. ಆದರೆ ನಿಜವಾದ ಎದುರಾಳಿ ‘ಡಿಯರ್ ಇವಾನ್ ಹ್ಯಾನ್ಸನ್’. ಹೈಸ್ಕೂಲಿನ ಒಂಟಿ ಹುಡುಗನೊಬ್ಬ ಹೇಳುವ ಸುಳ್ಳು ದೊಡ್ಡದಾಗುತ್ತ ಹೋಗುವ ಕಥೆ. ನಾಯಕ ಬೆನ್ ಪ್ಲ್ಯಾಟ್‌ಗೆ ನಟ ಪ್ರಶಸ್ತಿ ಖಚಿತ ಎಂದೇ ನನ್ನ ಎಣಿಕೆ.

ಈಚೆಗೆ ಡ್ರಾಮಾ ಡೆಸ್ಕ್ ಮತ್ತು ಔಟರ್ ಕ್ರಿಟಿಕ್ಸ್ ಸರ್ಕಲ್ ಪ್ರಶಸ್ತಿಗಳಲ್ಲಿ ‘ಕಮ್ ಫ್ರಮ್ ಅವೇ’ ಅತ್ಯುತ್ತಮ ಎನಿಸಿಕೊಂಡಿದೆ. ಹಿಗ್ಗುವ ಮುನ್ನ ಅಡಿಟಿಪ್ಪಣಿ ಓದಬೇಕು. ‘ಇವಾನ್ ಹ್ಯಾನ್ಸನ್’ 2016ರಲ್ಲೇ ಬ್ರಾಡ್‌ವೇಯಾಚೆಯ ಸಣ್ಣ ರಂಗಮಂದಿರದಲ್ಲಿ ಆಡಿದ್ದರಿಂದ ಆ ಪ್ರಶಸ್ತಿಗಳಿಗೆ ಕಳೆದ ವರ್ಷವೇ ಸ್ಪರ್ಧಿಸಿ ಮುಗಿಸಿತ್ತು. ಟೋನಿಯಲ್ಲಿ ಇಬ್ಬರೂ ಎದುರುಬದುರು. ಮತದಾರರು ಎಂಟುನೂರಕ್ಕೂ ಹೆಚ್ಚು. ಅವರಲ್ಲಿ ನಿರ್ಮಾಪಕರೂ ಊರೂರಿಗೆ ನಾಟಕ ತರಿಸುವವರೂ ಇದ್ದಾರೆ. ಯುವಕರನ್ನು ಸೆಳೆದ ನಾಟಕದ ಕಡೆ ಅವರು ವಾಲುತ್ತಾರೆ. ಹಾಗಾಗಿ ಕಿರೀಟ ‘ಇವಾನ್ ಹ್ಯಾನ್ಸನ್’ಗೆ, ನಿರ್ದೇಶನದ ಪ್ರಶಸ್ತಿ ‘ಕಮ್ ಫ್ರಮ್ ಅವೇ’ಯ ಕ್ರಿಸ್ಟೋಫರ್ ಆ್ಯಶ್ಲಿಗೆ. ವಿಮಾನದ ಕ್ಯಾಪ್ಟನ್ ಆಗಿ ನಟಿಸಿದ ಜೆನ್ ಕೊಲೆಲಾಗೆ ಪೋಷಕ ನಟಿ ಪ್ರಶಸ್ತಿ. ‘ಹಲೋ ಡಾಲಿ’ಯ ಬೆಟ್ ಮಿಡ್ಲರ್ ಗೆಲುವಿನ ಬಗ್ಗೆ ಪಂದ್ಯ ಕಟ್ಟುವುದೇ ದಂಡ, ಅಷ್ಟು ಖಚಿತ.

ಹಾಡಿಲ್ಲದ ನಾಟಕಗಳಲ್ಲಿ ಬಲ್ಲವರ ಒಲವು ಇಸ್ರೇಲ್-ಪ್ಯಾಲೆಸ್ಟೀನ್ ಶಾಂತಿ ಮಾತುಕತೆಯ ‘ಓಸ್ಲೊ’ ಕಡೆ. ನನ್ನ ಓಟು ಲಿನ್ ನಾಟೇಜ್ ಅವರ ‘ಸ್ವೆಟ್’ಗೆ. ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡವರ ಸಿಟ್ಟು ಮಾಲೀಕನನ್ನು ಬಿಟ್ಟು ಪಕ್ಕದಲ್ಲಿರುವ ವಲಸಿಗರ ಮನೆಯ ಹುಡುಗನ ಮೇಲೆ ತಿರುಗುವುದನ್ನು ಅದು ತೋರಿಸುತ್ತದೆ. ‘ನಮ್ಮ ಕೆಲಸ ಕಸಿದವರು’ ಎಂಬ ಮಾತು ಎಲ್ಲಿಂದ ಹುಟ್ಟುತ್ತದೆ ಎಂದು ತಿಳಿಯಬೇಕಾದವರಲ್ಲಿ ನಾವೇ ಮೊದಲಿಗರು.

ಸಮಾರಂಭ ನ್ಯೂಯಾರ್ಕ್‌ನಲ್ಲಿ ರಾತ್ರಿ ಎಂಟಕ್ಕೆ, ಊರಿನಲ್ಲಿ ಸೋಮವಾರ ಬೆಳಗಿನ ಐದೂವರೆ. ಸಿಯಾಟಲ್‌ನ ಟಿ.ವಿ.ಯಲ್ಲಿ ಮೂರು ಗಂಟೆ ತಡವಾಗಿ ಬರುವುದರಿಂದ ನಮಗಿಂತ ಮೊದಲು ಬೆಂಗಳೂರಿನವರಿಗೇ ಫಲಿತಾಂಶ ಗೊತ್ತಾಗುತ್ತದೆ. ದಯವಿಟ್ಟು ವಾಟ್ಸ್ಆ್ಯಪ್‌ನಲ್ಲಿ ಹೇಳಿಬಿಡಬೇಡಿ. ‘ಕಮ್ ಫ್ರಮ್ ಅವೇ’ ಗೆಲ್ಲಲಿ, ಸೋಲಲಿ, ಮುಂದೆ ಪ್ರವಾಸ ಹೊರಟು ಈ ಕಡೆ ಬಂದರೆ, ಮಕ್ಕಳ ಮನೆಗೆ ಬಂದಿರುವ ಅಪ್ಪ-ಅಮ್ಮಂದಿರನ್ನು ಕರೆದುಕೊಂಡು ಹೋಗಿ. ಫೋನಿನಲ್ಲಿ ಹೇಳಿ ಅವರಿಗೆ ಧೈರ್ಯ ತುಂಬುವುದಕ್ಕಿಂತ ನೂರು ನಿಮಿಷದ ಆ ನಾಟಕ ಹೆಚ್ಚು ಕೆಲಸ ಮಾಡೀತು.