ನಿಂಬೆ ಎಲೆ ಹಳದಿಯಾಗಿದೆಯೇ? ಎಪ್ಸಮ್ ಉಪ್ಪು ಹಾಕುವ ಮುನ್ನ ಎಲೆ ನೋಡಿ

"ನಿಂಬೆ ಗಿಡದ ಎಲೆ ಹಳದಿಯಾದರೆ ಬುಡಕ್ಕೆ ಒಂದು ಚಮಚ ಎಪ್ಸಮ್ ಉಪ್ಪು ಹಾಕಿ, ಏಳೇ ದಿನದಲ್ಲಿ ಹಸಿರಾಗುತ್ತದೆ." ಇಂಥ ಸಂದೇಶಗಳು, ರೀಲ್ಸ್‌ಗಳು ವಾಟ್ಸಾಪ್ ಗ್ರೂಪ್‌ಗಳಲ್ಲಿ ಆಗಾಗ ಕಾಣಿಸುತ್ತವೆ. ಇದು ನಿಜವೇ? ಅರ್ಧ ನಿಜ. ಉಳಿದ ಅರ್ಧವನ್ನು ನಂಬಿದರೆ ಕುಂಡದ ಗಿಡವೇ ಸಾಯಬಹುದು.

ಎಪ್ಸಮ್ ಉಪ್ಪು ಎಂದರೆ ಮೆಗ್ನೀಸಿಯಂ ಸಲ್ಫೇಟ್. ಎಲೆಗೆ ಹಸಿರು ಬಣ್ಣ ಕೊಡುವ ಕ್ಲೋರೋಫಿಲ್‌ನ ಪ್ರತಿ ಅಣುವಿನ ನಡುವೆ ಒಂದು ಮೆಗ್ನೀಸಿಯಂ ಪರಮಾಣು ಇರುತ್ತದೆ. ಆದ್ದರಿಂದ ಮೆಗ್ನೀಸಿಯಂ ಕೊರತೆಯಿರುವ ಗಿಡಕ್ಕೆ ಇದು ಖಂಡಿತ ಉಪಯುಕ್ತ. ಆದರೆ ಎಲೆ ಹಳದಿಯಾಗುವುದು ನಮಗೆ ಜ್ವರ ಬಂದ ಹಾಗೆ. ಕಾರಣ ಬೇರೆ ಬೇರೆ ಇರಬಹುದು, ಎಲ್ಲಕ್ಕೂ ಒಂದೇ ಔಷಧಿ ನಡೆಯುವುದಿಲ್ಲ.

ಕಾರಣ ತಿಳಿಯಲು ಮೊದಲು ನೋಡಬೇಕಾದದ್ದು, ಹಳದಿಯಾಗಿರುವುದು ಹಳೆಯ ಎಲೆಯೋ, ಹೊಸ ಚಿಗುರೋ ಎಂಬುದನ್ನು. ಸಾರಜನಕ ಮತ್ತು ಮೆಗ್ನೀಸಿಯಂ ಕಡಿಮೆಯಾದಾಗ ಗಿಡ ಅವನ್ನು ಹಳೆಯ ಎಲೆಗಳಿಂದ ತೆಗೆದು ಚಿಗುರಿಗೆ ಕಳಿಸುತ್ತದೆ. ಹಾಗಾಗಿ ಕೆಳಗಿನ ಎಲೆಗಳು ಮೊದಲು ಬಣ್ಣ ಕಳೆದುಕೊಳ್ಳುತ್ತವೆ. ಇಡೀ ಎಲೆ ಒಂದೇ ಸಮ ಪೇಲವವಾದರೆ ಸಾರಜನಕದ ಕೊರತೆ. ಅಂಚು ಹಳದಿಯಾಗಿ, ತೊಟ್ಟಿನ ಬಳಿ ಮಾತ್ರ ತ್ರಿಕೋನದಂತೆ ಹಸಿರು ಉಳಿದರೆ ಮೆಗ್ನೀಸಿಯಂ ಕೊರತೆ. ಎಪ್ಸಮ್ ಉಪ್ಪಿಗೆ ಕೆಲಸವಿರುವುದು ಇಲ್ಲಿ ಮಾತ್ರ.

ಕಬ್ಬಿಣ ಮತ್ತು ಸತು ಹೀಗೆ ಸುಲಭವಾಗಿ ಎಲೆಯಿಂದ ಎಲೆಗೆ ಸಾಗುವುದಿಲ್ಲ. ಅವುಗಳ ಕೊರತೆ ಚಿಗುರಿನಲ್ಲೇ ಕಾಣುತ್ತದೆ. ನರಗಳು ಹಸಿರು ಬಲೆಯಂತೆ ಉಳಿದು ನಡುವಿನ ಭಾಗ ಹಳದಿಯಾದರೆ ಕಬ್ಬಿಣ. ಚಿಗುರೆಲೆ ಸಣ್ಣದಾಗಿ, ಹಳದಿ ಮಚ್ಚೆ ಬಿದ್ದರೆ ಸತು.

ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ಕಬ್ಬಿಣದ ತೊಂದರೆಯನ್ನು ವಿಶೇಷವಾಗಿ ಗಮನಿಸಬೇಕು. ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವ ಗಡಸು ನೀರು ಕುಂಡದ ಮಣ್ಣನ್ನು ನಿಧಾನವಾಗಿ ಕ್ಷಾರೀಯ ಮಾಡುತ್ತದೆ. ನಿಂಬೆಗೆ ಇಷ್ಟ ಸ್ವಲ್ಪ ಆಮ್ಲೀಯ ಮಣ್ಣು. ಕ್ಷಾರೀಯ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವ ರೂಪದಲ್ಲಿ ಇರುವುದಿಲ್ಲ. (ಬುಡಕ್ಕೆ ತುಕ್ಕು ಮೊಳೆ ಹೂಳುವ ಉಪಾಯ ಫಲ ಕೊಡದಿರುವುದೂ ಇದಕ್ಕೇ. ತುಕ್ಕು ಕರಗುವುದೇ ಇಲ್ಲ.) ಇಂಥ ಗಿಡಕ್ಕೆ ಎಪ್ಸಮ್ ಉಪ್ಪು ಸುರಿದರೆ ಕಬ್ಬಿಣ ಸಿಗುವುದಿಲ್ಲ. ಬದಲಿಗೆ ಹೆಚ್ಚಾದ ಮೆಗ್ನೀಸಿಯಂ, ಬೇರು ಕ್ಯಾಲ್ಸಿಯಂ ಮತ್ತು ಪೊಟ್ಯಾಷಿಯಂ ಹೀರುವುದಕ್ಕೆ ಅಡ್ಡಿ ಮಾಡುತ್ತದೆ. ಕುಂಡದಲ್ಲಿ ಉಪ್ಪು ಹರಿದುಹೋಗಲು ಜಾಗವೂ ಕಡಿಮೆ.

ಇಷ್ಟೆಲ್ಲ ನೋಡುವ ಮೊದಲು ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ. ಸದಾ ಕೆಸರಿನಂತಿದೆಯೇ? ಹಾಗಿದ್ದರೆ ಕಾರಣ ಅತಿಯಾದ ನೀರೇ ಇರಬಹುದು. ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ, ಆಗ ಯಾವ ಗೊಬ್ಬರವೂ ಮೇಲೇರುವುದಿಲ್ಲ. ಕುಂಡದ ತೂತು ಕಟ್ಟಿಕೊಂಡಿದ್ದರೆ ಬಿಡಿಸಿ, ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ.

ನಮಗೆ ಹೆಚ್ಚು ಆತಂಕವಿರುವುದು 'ಉಪ್ಪು' ಎಂಬ ಪದದ ಬಗ್ಗೆ. ಕೈಯಿಂದ ಕೈಗೆ ದಾಟುವಾಗ ಸಂದೇಶದಿಂದ 'ಎಪ್ಸಮ್' ಬಿಟ್ಟುಹೋದರೆ, ಓದಿದವರು ಅಡುಗೆ ಉಪ್ಪನ್ನೇ ಹಾಕಿಯಾರು. ಅದು ಸೋಡಿಯಂ ಕ್ಲೋರೈಡ್. ನಿಂಬೆ ಜಾತಿಯ ಗಿಡಗಳು ಅದನ್ನು ಸಹಿಸುವುದು ಬಹಳ ಕಡಿಮೆ. ಎಲೆಯ ತುದಿ ಸುಟ್ಟಂತಾಗಿ ಉದುರುತ್ತದೆ. ಯಾರಾದರೂ ಈಗಾಗಲೇ ಹಾಕಿದ್ದರೆ, ತೂತಿನಿಂದ ಧಾರಾಳವಾಗಿ ಹೊರಬರುವಷ್ಟು ಸಿಹಿನೀರು ಹಾಯಿಸಿ ತೊಳೆಯಬೇಕು, ಇಲ್ಲವೇ ಮಣ್ಣು ಬದಲಿಸಬೇಕು.

ಚಿಗುರು ಹಳದಿಯಾಗಿದ್ದರೆ ಲಘು ಪೋಷಕಾಂಶಗಳ ಮಿಶ್ರಣವನ್ನು ಎಲೆಗೆ ಸಿಂಪಡಿಸುವುದು ಉತ್ತಮ, ಏಕೆಂದರೆ ಅದು ಮಣ್ಣಿನ ಗೊಡವೆಯಿಲ್ಲದೆ ನೇರ ಎಲೆಗೆ ಸೇರುತ್ತದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 'ಅರ್ಕಾ ಸಿಟ್ರಸ್ ಸ್ಪೆಷಲ್' ಎಂಬ ಇಂಥ ಮಿಶ್ರಣವನ್ನು ಈ ಜಾತಿಯ ಗಿಡಗಳಿಗೆಂದೇ ರೂಪಿಸಿದೆ. ಪ್ಯಾಕೆಟ್ ಮೇಲಿನ ಅಳತೆ ಮೀರಬೇಡಿ, ಬಿಸಿಲಿಳಿದ ಮೇಲೆ ಸಿಂಪಡಿಸಿ. ಸಾಧ್ಯವಾದರೆ ಮಳೆನೀರು ಹಿಡಿದಿಟ್ಟು ಹಾಕಿ, ಅದರಲ್ಲಿ ಗಡಸುತನವಿಲ್ಲ.

ಏಳು ದಿನದ ಗಡುವನ್ನಂತೂ ಮರೆತುಬಿಡಿ. ಪೂರ್ತಿ ಹಳದಿಯಾದ ಹಳೆಯ ಎಲೆ ಮತ್ತೆ ಹಸಿರಾಗುವುದು ಅಪರೂಪ. ಚಿಕಿತ್ಸೆ ಫಲಿಸಿತೇ ಎಂದು ತಿಳಿಯುವುದು ಮುಂದಿನ ಚಿಗುರು ಬಂದಾಗ.